ನಿಂಗರಾಜುವಿನ ಜೀಪಿನ ತಂಗಾಳಿ

ಸೋದರಮಾವ ತಿಮ್ಮಯ್ಯ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಗಾವಡಗೆರೆಯ ನಿಂಗರಾಜುವಿಗೆ ಆವತ್ತು ಅಂಥ ಗತಿ ಬರುತ್ತಲೇ ಇರಲಿಲ್ಲ. ಆದರೆ ತಿಮ್ಮಯ್ಯ ಬಾಯಿ ಮುಚ್ಚುವುದು ಎಲೆಅಡಿಕೆ ಅಗಿಯುವಾಗ ಮಾತ್ರ, ಅದೂ ಪೂರ್ತಿ ಅಲ್ಲ.

ವಿಷಯ ಇಷ್ಟೇ. ಹೊಲದ ದಾರಿಯಲ್ಲಿ ಜೀಪಿನ ಟೈರು ಗಾಳಿ ಇಳಿದು ಕೂತಾಗಲೆಲ್ಲ ಕಂಡವರ ಕೈಕಾಲು ಹಿಡಿದು ಸಾಕಾಗಿದ್ದ ನಿಂಗರಾಜು, ಹುಣಸೂರಿನ ಗುಜರಿಯಲ್ಲಿ ಜಜ್ಜಿಹೋದ ಕಾರೊಂದರ ಏಸಿ ಕಂಪ್ರೆಸರ್ ಬಿಚ್ಚಿಸಿಕೊಂಡು ಬಂದಿದ್ದ. ಅದನ್ನು ಜೀಪಿನ ಎಂಜಿನ್ನಿನ ಪಕ್ಕ ಕೂರಿಸಿ, ಬೆಲ್ಟ್ ಹಾಕಿ, ಉದ್ದದ ಹಳದಿ ಪೈಪು ಸಿಕ್ಕಿಸಿದ್ದ. ಎಂಜಿನ್ ಓಡಿದರೆ ಪೈಪಿನಲ್ಲಿ ಬುಸ್ಸೆಂದು ಗಾಳಿ. ಟೈರಿಗೆ ಹಿಡಿದರೆ ಕೆಲಸ ಮುಗಿಯಿತು. ತಣ್ಣಗೆ ಮಾಡುವ ವಿದ್ಯೆಯನ್ನು ಅದು ಕಾರಿನಲ್ಲೇ ಬಿಟ್ಟು ಬಂದಿತ್ತು. ಒಳಗೆ ಸವೆಯದಿರಲಿ ಎಂದು ಆಗಾಗ ಎಂಜಿನ್ ಆಯಿಲ್ ಕುಡಿಸಬೇಕಿತ್ತು. ಕುಡಿದದ್ದನ್ನು ಅದು ಗಾಳಿಯ ಜೊತೆ ಉಗುಳುತ್ತಿತ್ತು. ಟೈರಿಗೆ ಅದರಿಂದ ಏನೂ ಬೇಜಾರಿರಲಿಲ್ಲ.

ಆವತ್ತು ಕಂಪಲಾಪುರಕ್ಕೆ ಹೆಣ್ಣು ನೋಡಲು ಹೊರಟಿದ್ದರು. ಬೇಸಾಯ ಮಾಡುವವನಿಗೆ ಹೆಣ್ಣು ಕೊಡುವವರೇ ಇಲ್ಲದ ಕಾಲ. ಎಷ್ಟು ಮನೆಯ ಉಪ್ಪಿಟ್ಟು ತಿಂದು ಬರಿಗೈಲಿ ವಾಪಸು ಬಂದಿದ್ದೇನೆ ಎನ್ನುವುದೂ ನಿಂಗರಾಜುವಿಗೆ ಮರೆತುಹೋಗಿತ್ತು. ಆದರೆ ಸಿಂಧುವಿನ ಫೋಟೋ ನೋಡಿದ ಮೇಲೆ ಅವನಿಗೆ ಊಟವೇ ಸೇರುತ್ತಿರಲಿಲ್ಲ. ಈ ಹುಡುಗಿ ಕೈತಪ್ಪಿದರೆ ಇನ್ನು ಯಾರ ಮನೆಯ ಜಗಲಿಯನ್ನೂ ಹತ್ತುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದ.

"ಲೇ ನಿಂಗ, ಆ ಮನೇಲಿ ಹುಡ್ಗಿ ಅಜ್ಜಿ ವೀರಮ್ಮಂದೇ ದರ್ಬಾರು ಕಣ್ಲಾ," ಎಂದ ತಿಮ್ಮಯ್ಯ ದಾರಿಯಲ್ಲಿ. "ಆ ಯಮ್ಮ ಒಪ್ಪಿದ್ರೆ ಮದ್ವೆ, ಇಲ್ದಿದ್ರೆ ಎದ್ದು ಬರೋದೆ. ಅದ್ಕೇ ನಾನೊಂದು ಮಾತು ಬುಟ್ಟಿವ್ನಿ. ಹುಡ್ಗನ ಜೀಪಿಗೆ ಏಸಿ ಐತೆ ಅಂತ."

ನಿಂಗರಾಜು ಬ್ರೇಕ್ ತುಳಿದ ರಭಸಕ್ಕೆ ಮಾವನ ಹಣೆ ಗಾಜಿಗೆ ಬಡಿಯಿತು.

"ಮಾವ! ಅದು ಟೈರಿಗೆ ಗಾಳಿ ಹೊಡ್ಯೋದು!"

"ಏಸಿ ಕಾರಿಂದ ತಾನೇ ಕಿತ್ಕೊಂಡು ಬಂದಿದ್ದು? ಗಾಳಿ ಬತ್ತದೆ ತಾನೇ? ಸುಮ್ಕೆ ನಡಿ ಅತ್ಲಾಗಿ."

ಕಂಪಲಾಪುರದಲ್ಲಿ ಕರೆಂಟು ಹೋಗಿತ್ತು. ಹುಡುಗಿಯ ಅಪ್ಪ ಮಹದೇವಪ್ಪ ಗರಿಗರಿ ಬಿಳಿ ಅಂಗಿ ತೊಟ್ಟು ಬರಮಾಡಿಕೊಂಡರು. ಸಿಂಧು ಕಾಫಿ ತಟ್ಟೆ ಇಟ್ಟಿದ್ದಳಷ್ಟೇ, ಮೂಲೆಯಲ್ಲಿ ಬೀಸಣಿಗೆ ಆಡಿಸುತ್ತಿದ್ದ ವೀರಮ್ಮ ಎದ್ದೇಬಿಟ್ಟರು.

"ಅದೇನೋ ಏಸಿ ಐತಂತಲ್ಲ ಮಗ. ಕೂರ್ಸು ನನ್ನ. ಪೊರೆ ಬಂದು ಕಣ್ಣು ಕಾಣಕ್ಕಿಲ್ಲ, ಮೈಗಾದ್ರೂ ತಿಳೀಲಿ."

ನಿಂಗರಾಜು ಕಾಫಿ ಲೋಟ ಕೆಳಗಿಟ್ಟ. ಇಲ್ಲ ಅನ್ನಲು ಬಾಯಿ ತೆರೆದರೆ ಮಾವ ಬೆನ್ನು ಚಿವುಟಿದ. ಅಜ್ಜಿ ಮುಂದಿನ ಸೀಟಿನಲ್ಲಿ ಕೂತರು. ಸುತ್ತ ಮನೆಯವರು, ಅವರ ಹಿಂದೆ ಅಕ್ಕಪಕ್ಕದವರು. ನಿಂಗರಾಜು ಕಳ್ಳನಂತೆ ಹಳದಿ ಪೈಪನ್ನು ಕಿಟಕಿಯೊಳಗೆ ತೂರಿಸಿ, ಮೇಲೆ ಟವೆಲ್ ಮುಚ್ಚಿ, ಎಂಜಿನ್ ಚಾಲು ಮಾಡಿ ಪೈಪಿನ ತಿರುಪು ತಿರುಗಿಸಿದ.

ಬುಸ್ಸ್!

ಅಜ್ಜಿಯ ತಲೆಗೂದಲು ಹಾರಿತು, ಮುಖ ಅರಳಿತು. "ಅಬ್ಬಬ್ಬಾ! ಮಡಿಕೇರೀಲಿ ಕುಂತಂಗೈತೆ! ಲೋ ಮಾದೇವ, ನೀನೂ ಬಗ್ಗಿ ನೋಡ್ಲಾ!"

ಮಹದೇವಪ್ಪ ಬಗ್ಗಿದರು. ಒಗ್ಗರಣೆ ಸಿಡಿದಂತೆ ಅವರ ಬಿಳಿ ಅಂಗಿಯ ತುಂಬ ಕಪ್ಪು ಚುಕ್ಕಿ ಬಿದ್ದವು. ಅವರು ಅಂಗಿ ನೋಡಿಕೊಂಡರು, ಟವೆಲ್ ನೋಡಿದರು. "ಊಂ ಕಣವ್ವ, ಬಾಳ ತಣ್ಣಗೈತೆ," ಎಂದರು.

ಪಾಪ, ಎಂಥ ಮುಗ್ಧ ಜನ ಎಂದುಕೊಂಡ ನಿಂಗರಾಜು.

"ಇವ್ನಿಗೇ ಕೊಡ್ಲಾ ನನ್ ಮೊಮ್ಮಗ್ಳ," ಎಂದರು ಅಜ್ಜಿ. "ಇಲ್ಲೀಗಂಟ ಬಂದೋರೆಲ್ಲ ಸುಳ್ಳುಬುರುಕ್ರು. ಒಬ್ಬ ಇಲ್ದಿರೋ ಕೆಲ್ಸ ಐತೆ ಅಂದ, ಇನ್ನೊಬ್ಬ ಮಾರಿದ್ ಹೊಲ ತೋರಿಸ್ದ. ಸುಳ್ಳು ಹೇಳೋನ್ನ ನಾನು ಹೊಸ್ತಿಲು ತುಳಿಸಕ್ಕಿಲ್ಲ. ಈ ಹುಡ್ಗ ಹೇಳಿದ್ನ ತಂದು ತೋರಿಸವ್ನೆ."

ಬಾಗಿಲ ಬಳಿ ನಿಂತಿದ್ದ ಸಿಂಧು ಅವನನ್ನು ನೋಡಿ ನಕ್ಕಳು. ಆ ನಗೆ ಕಂಡದ್ದೇ ನಿಂಗರಾಜುವಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಇಂಥವಳನ್ನು ಟೈರಿನ ಗಾಳಿ ಊದಿ ಮದುವೆಯಾಗುವುದೇ? ಥೂ, ಎಂಥ ಜನ್ಮ ತನ್ನದು! ಮಾವ ಕಣ್ಣು ಬಿಟ್ಟು ಹೆದರಿಸುತ್ತಿದ್ದರೂ ಅವನು ಎಂಜಿನ್ ಆರಿಸಿ ಅಜ್ಜಿಯ ಕಾಲು ಹಿಡಿದ.

"ಅಜ್ಜಿ, ತಪ್ಪಾಯ್ತು. ಇದು ಏಸಿ ಅಲ್ಲ, ಟೈರಿಗೆ ಗಾಳಿ ಹೊಡ್ಯೋ ಮಿಷಿನ್ನು. ನಿಮ್ ಮುಖದ್ ಮೇಲಿರೋದು ಎಂಜಿನ್ ಆಯಿಲ್ಲು. ನಿಮಗೆ ಮೋಸ ಮಾಡಿ ಸಿಂಧೂನ ಕರ್ಕೊಂಡೋಗಕ್ಕೆ ಮನಸ್ಸು ಒಪ್ತಾ ಇಲ್ಲ."

ಸತ್ಯ ಹೇಳಿದ್ದಕ್ಕೆ ಅಜ್ಜಿ ಬೆನ್ನು ತಟ್ಟಬಹುದು ಎಂದು ಒಳಗೊಳಗೇ ಒಂದು ಆಸೆ ಇತ್ತು. ವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಮೂಸಿ ನೋಡಿದರು, ತಡಕಾಡಿಕೊಂಡು ಜೀಪಿನಿಂದ ಇಳಿದರು. "ಇವ್ನೂ ಅಂಥೋನೇ. ಕಳ್ಸಿ ಅತ್ಲಾಗಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಹದೇವಪ್ಪ ನಿಂಗರಾಜುವನ್ನು ಜೀಪಿನ ಹಿಂದಕ್ಕೆ ಎಳೆದುಕೊಂಡು ಹೋದರು.

"ಅಲ್ಲ ಕಣಪ್ಪ, ಯಾಕೆ ಬಾಯ್ಬಿಟ್ಟೆ? ಟ್ರ್ಯಾಕ್ಟರ್ ಇಟ್ಕೊಂಡಿರೋ ನಂಗೆ ಗಾಳಿ ಪೈಪು ಯಾವ್ದು ಅಂತ ತಿಳಿಯಕ್ಕಿಲ್ವಾ? ಪೈಪು ನೋಡ್ತಿದ್ದಂಗೇ ಇಡೀ ಬೀದಿಗೇ ತಿಳ್ದಿತ್ತು! ನಮ್ಮವ್ವ ಇಲ್ಲೀಗಂಟ ಒಬ್ಬ ಹುಡ್ಗನ್ನೂ ಒಪ್ಪಿರ್ನಿಲ್ಲ. ಇವತ್ತು ಎಂಗೋ ಒಪ್ತು ಅಂತ ಎಲ್ರೂ ಉಸ್ರು ಬಿಗಿ ಹಿಡ್ಕೊಂಡು ನಿಂತಿದ್ವಿ!"

ನಿಂಗರಾಜು ಹಳದಿ ಪೈಪು ಸುತ್ತಿಡತೊಡಗಿದ. ಅಷ್ಟರಲ್ಲಿ ಅಪ್ಪನ ಅಂಗಿಗೆಂದು ಸೋಪು ಹಿಡಿದು ಬಂದ ಸಿಂಧುವಿನ ಕಣ್ಣು ಒದ್ದೆಯಾಗಿತ್ತು.

"ನಾನು ಒಪ್ಕೊಂಡು ಅಮ್ಮನ ಕಿವೀಲಿ ಹೇಳಿಯೂ ಆಗಿತ್ತು," ಎಂದಳು. "ನಿಜ ಹೇಳ್ಲೇಬೇಕು ಅಂತಿದ್ರೆ, ತಾಳಿ ಕಟ್ಟಿದ್ ಮೇಲೆ ಹೇಳ್ಬಾರ್ದಿತ್ತಾ?"