ಕಾಕಾನ ಮನೆಯ ಪರದೆ ಮುನಿಸಿಕೊಂಡದ್ದು

ಮುನವಳ್ಳಿಯ ನಮ್ಮ ಕಾಕಾನ ಮನೆಯಲ್ಲಿ ಕಿಟಕಿಯ ರಿಮೋಟಿನ ಪರದೆ ಕೆಟ್ಟದ್ದು ನನ್ನ ನಾಲಗೆಯಿಂದ ಎಂಬ ಕಥೆ ಬಂಧುಬಳಗದಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ದಸರೆಯಲ್ಲಿ ಆಯುಧ, ಮಶೀನುಗಳನ್ನು ಪೂಜಿಸುವ ಖಂಡೇಪೂಜೆಯ ದಿನ ನಾನು "ಮಶೀನಿಗೇನ ಭಕ್ತಿ ತಿಳೀತೈತಿ?" ಎಂದೆನಂತೆ, ಮಶೀನು ಮುನಿಸಿಕೊಂಡಿತಂತೆ. ನಾನು ಅಂದದ್ದು ನಿಜ. ಅದು ಮುನಿದದ್ದಕ್ಕೆ ಪುರಾವೆ ಎಲ್ಲಿ? ಸವದತ್ತಿಯ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ಢಾಲು ಗೆದ್ದವನು ನಾನು. ಒಂದರ ಹಿಂದೆ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ನಡೆಯಿತೆಂದು ಒಪ್ಪುವವನಲ್ಲ. ಹಾಗೆ ಒಪ್ಪಿದರೆ, ನಾನು ಹುಟ್ಟಿದ ವರ್ಷವೇ ನಮ್ಮಪ್ಪನ ತಲೆಗೂದಲು ಉದುರತೊಡಗಿದ್ದಕ್ಕೂ ನಾನೇ ಹೊಣೆಯಾಗಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನೂ ಹೇಳುತ್ತಾರೆ, ಆ ಮಾತು ಬೇರೆ.

ಮೊದಲು ಪರದೆಯ ವಿಷಯ. ಊರಿಗೆ ಮೊಬೈಲು ಆಗಷ್ಟೇ ಕಾಲಿಡುತ್ತಿದ್ದ ಕಾಲ. ಆಯಿಗೆ, ಎಂದರೆ ನಮ್ಮ ಅಜ್ಜಿಗೆ, ಕಣ್ಣಿನ ಪೊರೆ ತೆಗೆಸಲಾಗಿತ್ತು. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಬೀಳಕೂಡದು. ಆದರೆ ಬೆಳಿಗ್ಗೆ ಬಸ್ಸಿನಿಂದ ಯಾರು ಇಳಿದರು, ಯಾರ ಕೈಯಲ್ಲಿ ಎಷ್ಟು ಚೀಲ ಎಂಬುದು ಕಿಟಕಿಯಲ್ಲಿ ಕಾಣದಿದ್ದರೆ ಆಕೆಗೆ ನಾಷ್ಟಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊಣಕಾಲು ನೋವಿನಿಂದ ಏಳಲಾರಳು. ಹೀಗಾಗಿ ದಿನಕ್ಕೆ ಇಪ್ಪತ್ತು ಸಲ "ಗಿರಿಜಾ, ಒಂದೀಟ ಪಡದಾ ಸರಸ ಬಾರವ್ವಾ" ಎಂದು ಸೊಸೆಯನ್ನು ಕರೆಯಬೇಕಿತ್ತು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಬಂದು ಸರಿಸುತ್ತಿದ್ದಳು, ಇಲ್ಲವೆನ್ನಲಾಗದು; ಹೋಗುವಾಗ ಅಡುಗೆಮನೆಯ ಪಾತ್ರೆಗಳ ಸಪ್ಪಳ ಮಾತ್ರ ಸ್ವಲ್ಪ ಹೆಚ್ಚುತ್ತಿತ್ತು. ಕಾಳಿನ ವ್ಯಾಪಾರದ ಕಾಕಾ ಹುಬ್ಬಳ್ಳಿಯ ಯಾವುದೋ ಪ್ರದರ್ಶನದಲ್ಲಿ ಮೋಟಾರಿನ ಪರದೆ ನೋಡಿ ಮರುಳಾಗಿ ತಂದು ಹಾಕಿಸಿದ. ಆಯಿ ಮಂಚದ ಮೇಲಿಂದ ಗುಂಡಿ ಒತ್ತಿದರೆ ಪರದೆ ಗುಂಯ್ ಎನ್ನುತ್ತ ಹೋಗುತ್ತಿತ್ತು, ಬರುತ್ತಿತ್ತು. ಎಂಬತ್ತರ ಹೊಸ್ತಿಲಲ್ಲಿದ್ದ ಆಕೆಯ ಮಾತನ್ನು ಎದುರಾಡದೆ ಕೇಳುವ ಒಂದು ವಸ್ತು ಆ ಮನೆಗೆ ಮೊದಲ ಬಾರಿ ಬಂದಿತ್ತು.

ಖಂಡೇಪೂಜೆಯ ಮರುದಿನ ಅದು ನಿಂತುಬಿಟ್ಟಿತು. ತೆರೆದ ಪರದೆ ತೆರೆದೇ ಉಳಿಯಿತು. ಆಯಿ ಮುಖದ ಮೇಲೆ ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ಕಾಕಾ ಆಜ್ಞೆ ಹೊರಡಿಸಿದ: "ನಾಳೆ ಮಧ್ಯಾಹ್ನದೊಳಗ ನಡೀಲಿಲ್ಲಂದ್ರ ಇದನ್ನ ಕಿತ್ತ ಒಗದು ಮೊದಲಿನ ಪಡದಾನ ಕಟ್ಟಸತೇನಿ." ಆಯಿ ರಿಮೋಟನ್ನು ಮೆಲ್ಲಗೆ ತಲೆದಿಂಬಿನ ಕೆಳಗೆ ಸರಿಸಿದಳು. ಅದನ್ನು ನೋಡಿ ಪ್ರಕರಣವನ್ನು ನಾನು ಕೈಗೆತ್ತಿಕೊಂಡೆ.

ಸೆಲ್ಲುಗಳನ್ನು ತೆಗೆದು ಪ್ಯಾಂಟಿಗೆ ತಿಕ್ಕಿದೆ, ಬಿಸಿಲಿಗಿಟ್ಟೆ, ಹಲ್ಲಿನಿಂದ ಕಚ್ಚಿದೆ. ಹೊಸವನ್ನು ತಂದು ಹಾಕಿದೆ. ರಿಮೋಟಿನ ಮೇಲಿನ ಪ್ಲಾಸ್ಟಿಕ್ ಕವರನ್ನು ಬಿಚ್ಚಹೋದರೆ ಕಾಕಾ ಕೈ ಹಿಡಿದ: "ಏ, ಕವರ ತಗಿಬ್ಯಾಡ, ಹಳೇದಾಗತೈತಿ." ನಡೆಯದ ರಿಮೋಟು ಹೊಸದಾಗಿದ್ದು ಮಾಡುವುದೇನು ಎಂದು ನಾನು ಕೇಳಿದರೆ ಆತ ಕವರಿನ ಸುಕ್ಕು ತೀಡಿ ಸರಿಪಡಿಸಿದ. ಅಷ್ಟರಲ್ಲಿ ಬನ್ನಿ ಕೊಟ್ಟು ಆಯಿಯ ಕಾಲು ಮುಟ್ಟಲು ಬಂದವರೆಲ್ಲ, ಬಂಗಾರದಂಗ ಇರೋಣ ಎನ್ನುತ್ತಲೇ ಒಂದೊಂದು ರೋಗನಿದಾನ ಬಿಟ್ಟುಹೋದರು. ವೋಲ್ಟೇಜ್ ಸಾಲದು ಎಂದರು ಒಬ್ಬರು. ಈಶಾನ್ಯಕ್ಕೆ ನಿಂತು ಒತ್ತಿ ನೋಡಿ ಎಂದರು ಇನ್ನೊಬ್ಬರು. ಎದುರು ಮನೆಯವರ ದೃಷ್ಟಿ ತಾಗಿದೆ ಎಂದು ಮೂರನೆಯವರು ಹೇಳಿದ್ದು ಎದುರು ಮನೆಯವರು ಚಹಾ ಕುಡಿಯುತ್ತ ಅಲ್ಲೇ ಕುಳಿತಿದ್ದಾಗ. ಒಂದೊಂದನ್ನೂ ನಾನು ಕ್ರಮವಾಗಿ ಖಂಡಿಸಿದೆ. ಸಂಜೆಯ ಹೊತ್ತಿಗೆ ಆ ಮನೆಯಲ್ಲಿ ಖಂಡನೆಯಾಗದೆ ಉಳಿದ ಕಾರಣ ಒಂದೂ ಇರಲಿಲ್ಲ. ಪರದೆ ಮಾತ್ರ ಹಾಗೇ ಇತ್ತು.

ಮರುದಿನ ಮಧ್ಯಾಹ್ನ ಕಾಕಾ ಸ್ಕ್ರೂಡ್ರೈವರ್ ಹಿಡಿದು ಬಂದ. ಆಗ ಆಯಿ ಸೆರಗಿನೊಳಗಿಂದಲೇ ನನ್ನನ್ನು ಕರೆದು ಮಾತಾಡಿದಳು.

"ತಮ್ಮಾ, ನನಗ ಕಾಣದಂಗಾದಾಗ ಡಾಕ್ಟರ್ ನನ್ನ ಕಣ್ಣಾಗ ಬ್ಯಾಟರಿ ಬೆಳಕ ಬಿಟ್ಟ ನೋಡಿದ. ನೀ ನಿನ್ನೆಯಿಂದ ಬರೇ ಕೈ ಹಿಡದು ನಾಡಿ ನೋಡಾಕ ಹತ್ತೀ. ಅದರ ಕಣ್ಣ ಎಲ್ಲೈತಿ?"

ಸ್ಟೂಲು ಹತ್ತಿದೆ. ಪರದೆಯ ಮೇಲಿನ ಮೋಟಾರಿನ ಪೆಟ್ಟಿಗೆಯಲ್ಲಿ, ರಿಮೋಟಿನ ಸನ್ನೆ ಹಿಡಿಯುವ ಗುಂಡನೆಯ ಕಪ್ಪು ಗಾಜೊಂದಿತ್ತು. ಅದರ ಮೇಲೆ ಮೂರು ಬೆರಳಿನ ದಪ್ಪನೆಯ ವಿಭೂತಿ. ಆ ಮನೆಯಲ್ಲಿ ತಿಜೋರಿ, ತಕ್ಕಡಿ, ಹೊಲಿಗೆ ಮಶೀನು, ಸ್ಕೂಟರು, ಎಲ್ಲದರ ಹಣೆಯ ಮೇಲೂ ವಿಭೂತಿ ಇತ್ತು. ಎಲ್ಲೆಲ್ಲೂ ಇರುವುದನ್ನು ಯಾರೂ ಆರೋಪಿಗಳ ಪಟ್ಟಿಗೆ ಸೇರಿಸುವುದಿಲ್ಲ. ನಾನೂ ಸೇರಿಸಿರಲಿಲ್ಲ.

"ಏನೈತೋ ಅಲ್ಲಿ?" ಎಂದ ಕಾಕಾ.

"ಧೂಳ ಐತಿ ಕಾಕಾ," ಎಂದು ಅಂಗಿಯ ತುದಿಯಿಂದ ಒರೆಸಿದೆ. ಆಯಿ ಗುಂಡಿ ಒತ್ತಿದಳು. ಗುಂಯ್. ಕೋಣೆ ತಂಪಾಗಿ ಕತ್ತಲಾಯಿತು. ಆಯಿ ಸೆರಗು ಸರಿಸಿ ಕಣ್ಣು ಬಿಟ್ಟಳು. ಅಡುಗೆಮನೆಯಿಂದ ಚಿಗವ್ವ ಓಡಿ ಬಂದಳು. "ಅರ್ಧ ತಾಸಿನ ಹಿಂದ ಗುಡ್ಡದ ಕಡೆ ಕೈ ಮುಗದು ಬೇಡಿಕೊಂಡಿದ್ನಿ ನೋಡ್ರಿ, ಈ ಹುಡುಗನ ಮಾತ ಮನಸಿಗೆ ಹಚಗೋಬ್ಯಾಡವ್ವಾ ಎಲ್ಲವ್ವಾ ಅಂತ."

ಒಂದೇ ವಾಕ್ಯದಲ್ಲಿ ಆಕೆಯ ವಾದವನ್ನು ಉರುಳಿಸಬಹುದಿತ್ತು: ಪರದೆ ಕುರುಡಾದದ್ದು ನನ್ನ ನಾಸ್ತಿಕತೆಯಿಂದಲ್ಲ, ವಿಭೂತಿಯಿಂದ. ಆದರೆ ಚರ್ಚೆಯಲ್ಲಿ ಪಳಗಿದವನಿಗೆ ಎದುರಾಳಿಯ ಮುಂದಿನ ಪ್ರಶ್ನೆಯೂ ಮೊದಲೇ ಕೇಳಿಸುತ್ತದೆ. ಹಚ್ಚಿದವರು ಯಾರು? ಕಾಕಾನ ಕೈಯಾಗಲಿ ಚಿಗವ್ವನ ಕೈಯಾಗಲಿ ಅಷ್ಟೆತ್ತರ ಹೋಗುವುದಿಲ್ಲ. ಖಂಡೇಪೂಜೆಯ ದಿನ, ಭಕ್ತಿಯ ಮೇಲಿನ ನನ್ನ ಭಾಷಣ ಮುಗಿದು ಎಲ್ಲರೂ ಹೋಳಿಗೆಗೆ ಎದ್ದು ಹೋದ ಮೇಲೆ, ಯಾರೂ ಹೇಳದಿದ್ದರೂ, ಆಯಿಯ ಪರದೆ ಕೆಡದೆ ಇರಲಿ, ಯಾವುದಕ್ಕೂ ಇರಲಿ ಎಂದು ಸ್ಟೂಲು ಹತ್ತಿದವನು ಒಬ್ಬನೇ. ಆತ ಧಾರಾಳವಾಗಿಯೇ ಹಚ್ಚಿದ್ದ. ಆಗ ಕೋಣೆಯಲ್ಲಿ ಆಯಿಯ ಹೊರತು ಯಾರೂ ಇರಲಿಲ್ಲ. ಆಕೆ ಮಂಚದ ಮೇಲೆ ಮಲಗಿದ್ದಳು. ಮಲಗಿದ್ದಾಳೆಂದೇ ನಾನು ತಿಳಿದಿದ್ದೆ.

ಆಯಿ, ಅವತ್ತ ನಿನಗ ಖರೇನ ನಿದ್ದಿ ಹತ್ತಿತ್ತೇನು?