ಇರುವೆಯೂ ಮುಟ್ಟದ ಸಿಹಿ

ಸಕ್ಕರೆ ಎಂಬ ಬಿಳಿಯ ಶತ್ರುವನ್ನು ನನ್ನ ಸಾಮ್ರಾಜ್ಯದಿಂದ, ಅಂದರೆ ಎರಡು ಕೋಣೆಯ ಬಾಡಿಗೆ ಮನೆಯಿಂದ, ಗಡಿಪಾರು ಮಾಡುವುದಾಗಿ ಘೋಷಿಸಿದೆ!

"ಮೊದಲು ನಿಮ್ಮ ಹೊಟ್ಟೇನ ಗಡಿಯೊಳಗೆ ತನ್ನಿ" ಎಂದಳು ಹೆಂಡತಿ.

ತಂಪು ಪಾನೀಯದ ಕಾರ್ಖಾನೆಯಲ್ಲಿರುವ ಭಾವಮೈದುನ ಒಂದು ಪೊಟ್ಟಣ ಕೃತಕ ಸಿಹಿಪುಡಿಯನ್ನು ಹೆಂಡತಿಗೆ ಕಾಣದಂತೆ ತಂದುಕೊಟ್ಟ. "ಭಾವ, ಹುಷಾರು! ಸಕ್ಕರೆಗಿಂತ ಆರುನೂರು ಪಟ್ಟು ಸಿಹಿ. ಸೂಜಿಮೊನೆಯಷ್ಟು ಸಾಕು."

ಮರುದಿನ ಬೆಳಿಗ್ಗೆ ಮಗಳು ಪುಟ್ಟಿಯನ್ನು ಶಾಲೆಗೆ ಕಳಿಸಿ ಹೆಂಡತಿ ಸ್ನಾನಕ್ಕೆ ಹೋದಳು. ನಾನು ಪೊಟ್ಟಣವನ್ನು ಹಲ್ಲಿನಿಂದ ಹರಿದೆ. ಮೇಲೆ ಫ್ಯಾನು ತಿರುಗುತ್ತಿತ್ತು. ಫಟ್! ಪುಡಿಯೆಲ್ಲ ಮೋಡವಾಗಿ ಎದ್ದು ಮರುಕ್ಷಣ ಮಾಯ! ಬೈಗುಳಕ್ಕೆ ಹೆದರಿ ಒದ್ದೆ ಬಟ್ಟೆಯಿಂದ ಮೇಜು, ಲೋಟ, ಬಾಗಿಲ ಹಿಡಿಕೆ ಎಲ್ಲ ಒರೆಸಿದೆ. ಒರೆಸಿದೆ ಅಂದುಕೊಂಡೆ, ಬಳಿದಿದ್ದೆ!

ಮೊದಲು ನೀರು ಸಿಹಿಯಾಯಿತು. ಆಮೇಲೆ ಉಪ್ಪು. ಪತ್ರಿಕೆಯ ಹಾಳೆ ತಿರುವಲು ಬೆರಳನ್ನು ನಾಲಿಗೆಗೆ ತಾಗಿಸಿದ ಹೆಂಡತಿ ಹಾಗೇ ಕಲ್ಲಾದಳು. "ರೀ, ನನ್ನ ಬೆರಳೂ ಸಿಹಿ. ನಿಮಗೂ ಹಾಗೇನಾ?"

"ನನಗೇನೂ ಇಲ್ಲಪ್ಪ! ನೀರು ಸಪ್ಪಗೇ ಇದೆ" ಎಂದೆ, ಜೇನು ಕುಡಿದಂತಾಗಿದ್ದ ಬಾಯಲ್ಲಿ.

ಮೂಲೆಯಲ್ಲಿ ಮಲಗಿದ್ದ ಅತ್ತೆ ದಿಂಬಿನಿಂದ ತಲೆಯೆತ್ತಿ ತುಟಿ ಸವರಿಕೊಂಡರು. "ಗಾಳೀನೇ ಸಿಹಿ ಕಣೇ. ಆದ್ರೂ ಒಂದು ಇರುವೆ ಹತ್ತಿರ ಬಂತಾ ನೋಡು."

ನಿಜ! ದಿನವೂ ಗೋಡೆಗುಂಟ ಇಳಿಯುವ ಇರುವೆಸಾಲು ಮೇಜಿನ ಅಂಚಿನವರೆಗೆ ಬಂದು, ಮೀಸೆಯಾಡಿಸಿ, ಒಂದೊಂದಾಗಿ ಹಿಂದಿರುಗುತ್ತಿತ್ತು. ಎಲ್ಲ ಗೊತ್ತಿದ್ದ ನನಗೇ ಬೆನ್ನು ತಣ್ಣಗಾಯಿತು.

ಅತ್ತೆ ಅಳತೊಡಗಿದರು. ಕಣ್ಣೀರು ತುಟಿಗಿಳಿಯಿತು. "ಅಯ್ಯೋ, ಇದೂ ಸಿಹಿ!" ಎಂದು ಚೀರಿ, ಆಮೇಲೆ ಮೆಲ್ಲಗೆ ಹೇಳಿದರು: "ನಿಮ್ಮಪ್ಪ ಹೋಗೋ ವಾರ ಹೀಗೇ ಅಂದಿದ್ರು. ನೀರು ಸಿಹಿ, ಔಷಧಿ ಸಿಹಿ ಅಂತ."

ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮಾನ ದೊಡ್ಡದು ನೋಡಿ!

ಸಂಜೆ ಹೆಂಡತಿ ನನ್ನನ್ನು ಒಳಗೆ ಕರೆದು ಬೀರು ತೆರೆದಳು. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಪುಟ್ಟಿ ಲಸಿಕೆ ಕಾರ್ಡು ಇಲ್ಲಿದೆ. ಅವಳು ಮಲಗಿದ ಮೇಲೂ ದೀಪ ಆರಿಸ್ಬೇಡಿ, ಹೆದರ್ತಾಳೆ. ಜಡೆ ಹಾಕೋದು ಕಲ್ತ್ಕೊಳ್ಳಿ. ಅಪ್ಪನಿಗೆ ಬಂದಿದ್ದು ಅಮ್ಮನಿಗೂ ನನಗೂ ಬಂದಿರಬೇಕು."

ನನ್ನ ಮಾನ ಅಲ್ಲೇ ಕುಸಿಯಿತು! ಪೊಟ್ಟಣ, ಫ್ಯಾನು, ಒದ್ದೆ ಬಟ್ಟೆ, ಸುಳ್ಳು, ಒಂದೂ ಬಿಡದೆ ಒಪ್ಪಿಸಿದೆ.

ಅವಳು ಕಾರ್ಡನ್ನು ಮತ್ತೆ ಬೀರುವಿನಲ್ಲಿಟ್ಟಳು. "ಹಾಗಾದ್ರೆ ನನ್ನ ನಾಲಿಗೆಗೆ ಏನೂ ಆಗಿಲ್ಲ?"

"ಏನೂ ಆಗಿಲ್ಲ ಕಣೇ!"

"ಚೆನ್ನಾಗಿ ಕೆಲಸ ಮಾಡುತ್ತೆ?"

"ಖಂಡಿತ!"

"ಸರಿ. ಬಾಗಿಲು ಹಾಕಿ, ಇಲ್ಲಿ ಕೂತ್ಕೊಳ್ಳಿ. ಈಗ ಅದಕ್ಕೆ ಸ್ವಲ್ಪ ಕೆಲಸ ಇದೆ!"