ಶಾಂತವ್ವನ ದನಿಪೆಟ್ಟಿಗೆ

ಸೊಸೆ ಕಸ್ತೂರಿ ಅತ್ತೆಯ ಕೊರಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ದನಿಪೆಟ್ಟಿಗೆಯ ಪಟ್ಟಿ ಬಿಗಿದಳು. ಗಂಟಲಿನ ಆಪರೇಶನ್ ಆದ ಮೇಲೆ ಶಾಂತವ್ವನಿಂದ ಒಂದು ಪದವೂ ಹೊರಟಿರಲಿಲ್ಲ. ಬರೆಯಲೂ ಬಾರದು. ಅವಳ ತುಟಿ ನೋಡಿ ಏನು ಬೇಕೆಂದು ಊಹಿಸುವುದೇ ಮನೆಯವರ ಪಾಡಾಗಿತ್ತು.

ಇವತ್ತು ಅದು ಮುಗಿಯಬೇಕಿತ್ತು! ಗದಗಿನ ಆ ಓಣಿಯಲ್ಲಿ ಪಂಚಾಕ್ಷರಿ ಮಾವ ಬಿಚ್ಚದ ಯಂತ್ರವಿರಲಿಲ್ಲ. ಹೆಂಡತಿಗೆಂದು ದನಿಪೆಟ್ಟಿಗೆ ಮಾಡಿದ್ದ. ಕೊರಳ ನರ ಮಿಡಿದರೆ ಪೆಟ್ಟಿಗೆ ಅವಳದೇ ಹಳೆಯ ದನಿಯಲ್ಲಿ ಮಾತಾಡಬೇಕು. ಅದರೊಳಗೆ ಕೂತು ಕೆಲಸ ಹಂಚುವ ಯಜಮಾನ, ಕರ್ನಲ್, ಅದನ್ನೂ ಅವನೇ ಬರೆದಿದ್ದ. ಆದರೆ ಬರೆದದ್ದನ್ನು ಯಂತ್ರಕ್ಕೆ ತಿಳಿಸುವ ಕಂಪೈಲರ್ ಒಂದೇ ರಾಗ ಹಾಡುತ್ತಿತ್ತು: ‘ಅಸಾಧ್ಯ ಬೇಡಿಕೆ.’

“ಈಗ ರಿಪೇರಿ ಆತೇನ್ರಿ?” ನೆರೆಮನೆಯ ಬಸಲಿಂಗವ್ವ ಕೇಳಿದಳು.

“ಆಗದ ಏನು! ಗ್ವಾಡ್ಯಾಗ ಸಾಮಾನು ಇಡೂ ಮಾಡ ಇದ್ದಂಗ ಪ್ರೊಸೆಸರಿನೊಳಗ ರಿಜಿಸ್ಟರ್ ಇರ್ತಾವ. ಇಕಿ ಮಾತು ಇಟ್ಟ ಮಾಡಕ್ಕ, ಸುತ್ತಲ ಗದ್ದಲ ಅಳೆಯಾಕ ಇಟ್ಟ ಮೈಕಿನ ಸದ್ದೂ ಕೈ ಹಾಕತೈತಿ ಅಂತ ಷರತ್ತು ಬರೆದಿದ್ದೆ. ಅದಕ್ಕ ಜಗಳ. ಷರತ್ತನ್ನ ಅಳಿಸಿಬಿಟ್ಟೆ. ಕಂಪೈಲರ್ ಗಪ್!”

“ಕೈ ಹಾಕೂದು ಬಿಡಲಿಲ್ಲ, ಹೇಳೂದು ಬಿಟ್ರಿ! ನಮ್ಮನಿಯವರೂ ಹಿಂಗ.”

ಮಾವ ಗುಂಡಿ ಒತ್ತಿದ. “ಶಾಂತಾ, ಏನಾರ ಅನ್ನು!”

ತುಟಿ ಅಲುಗಿತು. ಅವಳದೇ ದನಿ! “ಶಾಂತಾ, ಏನಾರ ಅನ್ನು!”

ಶಾಂತವ್ವ ಬೆಚ್ಚಿ, ಅದು ತನ್ನ ಮಾತಲ್ಲವೆಂದು ತಲೆಯಾಡಿಸಿ ಮತ್ತೆ ತುಟಿ ಅಲುಗಿಸಿದಳು. ಅಷ್ಟರಲ್ಲಿ ಓಣಿಯಲ್ಲಿ ಪಲ್ಯ ಮಾರುವವಳ ಕೂಗು ಎದ್ದಿತ್ತು. “ಮೆಂತೆ ಪಲ್ಯೇ!” ಅಂದಿತು ಪೆಟ್ಟಿಗೆ, ಮನೆ ನಡುಗುವಂತೆ.

ಪಲ್ಯದವಳು ಬುಟ್ಟಿ ಹೊತ್ತೇ ಒಳನುಗ್ಗಿದಳು. “ಯಾರಾಕಿ, ನನ್ನ ಓಣ್ಯಾಗ ಮಾರಾಕಿ?”

“ಯಾರಾಕಿ, ನನ್ನ ಓಣ್ಯಾಗ ಮಾರಾಕಿ?” ಅಂದಿತು ಪೆಟ್ಟಿಗೆ.

ಜಗಳ ಬಿಡಿಸಿ ಪಲ್ಯದವಳನ್ನು ಹೊರಗೆ ಕಳಿಸುವಷ್ಟರಲ್ಲಿ ಮಾವ ಬೆವೆತುಹೋದ. “ಪಂಚಾಕ್ಷರಿ ಅಂದ್ರ ಏನ್ ಸಾಮಾನ್ಯನ?” ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ.

“ಪಂಚಾಕ್ಷರಿ ಅಂದ್ರ ಏನ್ ಸಾಮಾನ್ಯನ?”

“ಅಯ್ಯಯ್ಯ, ಗಂಡನ ಹೆಸರು ಹೇಳಿದ್ಲು!” ಬಸಲಿಂಗವ್ವ ಬಾಯಿ ಮುಚ್ಚಿಕೊಂಡಳು. ಪ್ರಾಸ ಕಟ್ಟಿ ಒಡಪು ಹಾಕದೆ ಶಾಂತವ್ವ ಎಂದೂ ಆ ಹೆಸರು ಎತ್ತಿದವಳಲ್ಲ.

ಮಾವನ ಮುಖ ಅರಳಿತು. ಸ್ಕ್ರೂಡ್ರೈವರ್ ಕೆಳಗಿಟ್ಟು ಕುರ್ಚಿ ಎಳೆದುಕೊಂಡ. “ಎಲ್ಲಾ ಸರಿ ಐತಿ!”

“ಎಲ್ಲಾ ಸರಿ ಐತಿ!”

ಗಂಡ ಹೆಂಡಿರಲ್ಲಿ ಇಷ್ಟು ಒಮ್ಮತ ಹಿಂದೆಂದೂ ಇರಲಿಲ್ಲ.

ಅತ್ತೆಯ ತುಟಿ ಏನನ್ನೋ ಬೇಡುತ್ತಲೇ ಇತ್ತು. ಮೊದಲಾಗಿದ್ದರೆ ಎಲ್ಲರೂ ಬಗ್ಗಿ ನೋಡುತ್ತಿದ್ದರು. ಈಗ ದನಿ ಬರುತ್ತಿತ್ತಲ್ಲ, ಯಾರೂ ನೋಡಲಿಲ್ಲ. ಕೊರಳ ಪಟ್ಟಿ ಕಣ್ಣೀರಿಗೆ ಒದ್ದೆಯಾಗಿತ್ತು.

ಕಸ್ತೂರಿ ಬಾಯಿ ತೆರೆದಳು. ಅವಳ ದನಿ ಎಷ್ಟು ಸಣ್ಣದೆಂದರೆ ಮೈಕಿಗೂ ಸಿಗಲಿಲ್ಲ.

“ಮಾವಾ, ಪೆಟ್ಟಿಗಿ ಬಂದ್ ಮಾಡ್ರಿ.”